ಚಿಕ್ಕಮ್ಮನ ಚೀಲದಲ್ಲಿ ಕೊನೆಯ ಹಾಳೆಗಳು

ನಮ್ಮ ಚಿಕ್ಕಮ್ಮನನ್ನು ಪೊಲೀಸರು ಇನ್ನೂ ಯಾಕೆ ಹಿಡಿದಿಲ್ಲ ಎಂಬುದೇ ನನಗೆ ಆಶ್ಚರ್ಯ! ಆಚೆ ಬೈಂದೂರಿನಿಂದ ಈಚೆ ಬ್ರಹ್ಮಾವರದ ತನಕ ಅವಳು ಹಂಚಿದ ಕಾದಂಬರಿಗಳು ಎಷ್ಟೋ ಮನೆಗಳಲ್ಲಿವೆ. ಅವುಗಳಲ್ಲಿ ಒಂದಕ್ಕೂ ಕೊನೆಯ ಅಧ್ಯಾಯವಿಲ್ಲ. ಆ ಕೊನೆಯ ಅಧ್ಯಾಯಗಳೆಲ್ಲ ಅವಳ ಹೆಗಲ ಚೀಲದಲ್ಲಿವೆ. ಪುಸ್ತಕವೂ ಅವಳದೇ, ಕತ್ತರಿಸುವ ಬ್ಲೇಡೂ ಅವಳದೇ ಆದ್ದರಿಂದ ಕಾನೂನಿನ ಪ್ರಕಾರ ತಪ್ಪೇನಿಲ್ಲವಂತೆ. ಯಾರೋ ವಕೀಲರನ್ನು ಬಸ್ಸಿನಲ್ಲಿ ಹಿಡಿದು ಕೇಳಿಕೊಂಡು ಬಂದಿದ್ದಾಳೆ.

ಇದು ಅವಳು ಪುಸ್ತಕ ಓದಿಸುವ ಕ್ರಮ. ಮೊದಲು ನಿಮ್ಮ ಮುಖ ನೋಡುತ್ತಾಳೆ. ಆಮೇಲೆ ಡಾಕ್ಟರು ಗುಳಿಗೆ ಬರೆದುಕೊಟ್ಟ ಹಾಗೆ ಚೀಲದಿಂದ ಒಂದು ಕಾದಂಬರಿ ತೆಗೆದು ಕೈಗಿಡುತ್ತಾಳೆ. ಬೇಡ ಎಂದವರು ಇನ್ನೂ ಹುಟ್ಟಿಲ್ಲ. ಓದುತ್ತಾ ಓದುತ್ತಾ ಕಥೆ ಗಟ್ಟಿಯಾಗುವ ಹೊತ್ತಿಗೆ ಹಾಳೆಯೇ ಮುಗಿದುಹೋಗುತ್ತದೆ. ಆಗ ನೀವು ಹೆಮ್ಮಾಡಿಯ ಅವಳ ಮನೆಯ ಬಾಗಿಲಿಗೆ ಹೋಗಲೇಬೇಕು. ಆ ಕುಂಟ ಚಮ್ಮಾರ ನಿನಗೆ ಹಿಡಿಸಿದನೇ, ಆ ಸಿಡುಕಿ ಮುದುಕಿ ಯಾಕೆ ಹಾಗೆ ಮಾಡಿದಳು ಎಂದೆಲ್ಲ ವಿಚಾರಣೆ ನಡೆಯುತ್ತದೆ. ಪಾಸಾದರೆ ಕೊನೆಯ ಹಾಳೆಗಳು ಸಿಗುತ್ತವೆ, ಅದೂ ಅವಳ ಎದುರೇ ನಿಂತು ಓದುವುದಕ್ಕೆ! ಓದುವವರ ಮುಖ ನೋಡುವುದು ಅವಳ ಹುಚ್ಚು. ನನ್ನ ಮುಖವನ್ನೂ ಹಾಗೆ ನೋಡಿ, ನಿನಗೆ ಅಳು ಬರಬೇಕಾದ ಜಾಗದಲ್ಲಿ ಆಕಳಿಕೆ ಬಂತು ಎಂದು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದಳು.

ಎಲ್ಲ ಪುಸ್ತಕವೂ ಅವಳ ಚೀಲಕ್ಕೆ ಸೇರುವುದಿಲ್ಲ ಬಿಡಿ. ಕಾದಂಬರಿಯಲ್ಲಿ ಒಂದು ಕೇರಿ ಇರಬೇಕು. ಕೇರಿಯಲ್ಲಿ ಒಬ್ಬರ ಮನೆಯ ಸಕ್ಕರೆ ಮುಗಿದರೆ ಇನ್ನೊಬ್ಬರ ಮನೆಗೆ ಲೋಟ ಹಿಡಿದು ಹೋಗಬೇಕು. ಎಲ್ಲರ ಜೊತೆ ಜಗಳವಾಡುವ ಒಂದು ಜೀವ ಇರಬೇಕು, ಆ ಜೀವವೇ ಕಷ್ಟಕಾಲದಲ್ಲಿ ಯಾರಿಗೂ ಕಾಣದಂತೆ ಗಂಜಿ ಕಳಿಸಬೇಕು. ದೊಡ್ಡ ಬಹುಮಾನ ಬಂದ ಕಾದಂಬರಿಯೊಂದನ್ನು ನಾನೇ ತಂದುಕೊಟ್ಟೆ. ಎರಡು ದಿನ ಬಿಟ್ಟು ವಾಪಸು ಬಂತು. "ಇದ್ರೊಳ್ಗ್ ಯಾರೂ ಯಾರ್ ಮನಿಗೂ ಹೋತಿಲ್ಲೆ ಮಾರಾಯ" ಎಂದಳು. ಅಷ್ಟೇ ವಿಮರ್ಶೆ!

ಕುಳಿತು ಓದುವುದು, ಕುಳಿತು ಮಾತಾಡುವುದು ಅವಳ ಜಾತಕದಲ್ಲೇ ಇಲ್ಲ. ಒಲೆಯ ಮುಂದೆ ನಿಂತು ಓದುತ್ತಾಳೆ, ಬಸ್‌ಸ್ಟ್ಯಾಂಡಿನಲ್ಲಿ ಅಡ್ಡಾಡುತ್ತಾ ಓದುತ್ತಾಳೆ. ನಮ್ಮ ಬಸ್ರೂರಿನ ಮನೆಗೆ ಬಂದರೆ ಕಾಫಿಯನ್ನೂ ಜಗಲಿಯ ಕಂಬಕ್ಕೆ ಒರಗಿ ಕುಡಿಯುತ್ತಾಳೆ. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತೋ, ಲೋಟ ಅಲ್ಲೇ, ಚಿಕ್ಕಮ್ಮ ಗೇಟಿನಾಚೆ.

ಅವಳ ದೊಡ್ಡ ಅಪರಾಧ ಇನ್ನೊಂದಿದೆ. ಕಾದಂಬರಿಯ ಜನರ ಸುದ್ದಿಯನ್ನು ನಿಜವಾದ ಜನರ ಸುದ್ದಿಯ ಹಾಗೇ ಹೇಳಿಕೊಂಡು ತಿರುಗುತ್ತಾಳೆ. ನಮ್ಮ ಕಡೆ ಯಾರ ಸುದ್ದಿ ಎತ್ತಿದರೂ ಕೇಳುವವರು ಮೊದಲು "ಯಾರ್ ಮನಿ? ಯಾವ್ ಬದಿ?" ಎನ್ನುತ್ತಾರೆ. ಅದು ಗೊತ್ತಾಗದೆ ಕಥೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಕಾದಂಬರಿಯ ಜನರಿಗೆ ಮನೆ ಎಲ್ಲಿಂದ ತರುವುದು? ಚಿಕ್ಕಮ್ಮ ಅವರನ್ನೆಲ್ಲ ಸಾಲಾಗಿ ಕೊಕ್ಕರ್ಣೆಯಲ್ಲಿ ನೆಲೆಗೊಳಿಸಿದ್ದಾಳೆ. ಕೊಕ್ಕರ್ಣೆಯೇ ಯಾಕೆಂದರೆ, ಅಲ್ಲಿ ನಮಗೆ ನೆಂಟರಿಲ್ಲ.

ಒಮ್ಮೆ ಬಸ್ಸಿನಲ್ಲಿ ಪಕ್ಕದ ಹೆಂಗಸು ಮಗಳಿಗೆ ಗಂಡು ಸಿಗುತ್ತಿಲ್ಲ ಎಂದು ಸಂಕಟ ತೋಡಿಕೊಂಡಳು. ಚಿಕ್ಕಮ್ಮ ಸುಮ್ಮನಿರಬೇಕೋ ಬೇಡವೋ! ಗಂಡು ಅಂದರೆ ಹೀಗಿರಬೇಕು ಎಂದು ತಾನು ಆಗ ಓದುತ್ತಿದ್ದ ಪುಸ್ತಕದ ಹುಡುಗನ ಗುಣಗಾನ ಶುರುಮಾಡಿದಳು. ಯಾರ ಮನೆ ಎಂದಾಗ ಅಭ್ಯಾಸಬಲದಿಂದ ಕೊಕ್ಕರ್ಣೆ ಎಂದಳು. ಆ ಹೆಂಗಸು ಮರುದಿನವೇ ಗಂಡನೊಂದಿಗೆ ರಿಕ್ಷಾ ಮಾಡಿಕೊಂಡು ಹೋಗಿ ಮಧ್ಯಾಹ್ನವಿಡೀ ಆ ಹುಡುಗನನ್ನು ಹುಡುಕಿದಳಂತೆ. ಅವನು ಸಿಗಲಿಲ್ಲ. ದಾರಿ ತೋರಿಸಲು ಜೊತೆಗೆ ಬಂದ ಒಬ್ಬ ಹುಡುಗ ಸಿಕ್ಕಿದ, ಅವನೇ ಅಳಿಯನಾದ. ಮದುವೆಯ ಮೊದಲ ಕರೆಯೋಲೆ ಚಿಕ್ಕಮ್ಮನಿಗೇ ಬಂತು, ಅವಳು ಹೋಗಿ ನಿಂತುಕೊಂಡೇ ಊಟ ಮಾಡಿ ಬಂದಳು.

ಇಷ್ಟು ನಗುವ ನಾನು ಹೋದ ವರ್ಷ ನಗುವ ಸ್ಥಿತಿಯಲ್ಲಿರಲಿಲ್ಲ. ಅಪ್ಪಯ್ಯ ತೀರಿಕೊಂಡ ಮೇಲೆ ಅಮ್ಮ ಒಳಕೋಣೆ ಸೇರಿದಳು. ಗೋಡೆ ಕಡೆ ಮುಖ ಮಾಡಿ ಮಲಗಿದರೆ ಊಟಕ್ಕೂ ನಾನೇ ಎಬ್ಬಿಸಬೇಕು. ಮಾತಾಡಿಸಿದರೆ ಒಂದು ಹೂಂ, ಇಲ್ಲದಿದ್ದರೆ ಅದೂ ಇಲ್ಲ. ಮಳೆಗಾಲ ಹೋಗಿ ಚಳಿ ಬಂದರೂ ಅವಳು ಜಗಲಿಗೆ ಬರಲಿಲ್ಲ. ನನಗೆ ಹೆದರಿಕೆಯಾಗುತ್ತಿತ್ತು. ನನ್ನ ಅಂಗಡಿಯಲ್ಲಿ ಕೂತರೆ ಮನೆಯ ಧ್ಯಾನ, ಮನೆಗೆ ಬಂದರೆ ಆ ಕೋಣೆಯ ಬಾಗಿಲಿಗೆ ಎಡತಾಕುವುದೇ ಕೆಲಸ.

ಚಿಕ್ಕಮ್ಮ ದಿನಾ ಬರತೊಡಗಿದಳು, ಕುಂದಾಪುರದಲ್ಲಿ ಬಸ್ಸು ಬದಲಿಸಿಕೊಂಡು. ಬಂದವಳು ಅಮ್ಮನ ದಿಂಬಿನ ಹತ್ತಿರ ಒಂದು ಕಾದಂಬರಿ ಇಟ್ಟಳು. ನದಿ ದಂಡೆಯ ಒಂದು ಕೇರಿ, ಅಲ್ಲೊಬ್ಬ ತಾಯಿಯಿಲ್ಲದ ಬಸುರಿ ಹುಡುಗಿ, ಅವಳ ಹೆರಿಗೆಗಾಗಿ ಕಾಯುವ ಇಡೀ ಕೇರಿ, ಇದು ಕಥೆ. ಪುಸ್ತಕ ಇಟ್ಟಲ್ಲೇ ಇತ್ತು. ನಾನು ರೇಗಿದೆ. ಇದೇನು ಅವಳಿಗೆ ಪುಸ್ತಕ ಹಿಡಿಸುವ ಹೊತ್ತೇ, ಸುಮ್ಮನೆ ಬಿಡು ಎಂದೆ.

"ಸುಮ್ನೆ ಬಿಟ್ರೆ ಅಕ್ಕ ಹಾಂಗೇ ಉಳ್ದ್ ಹೋತ್ಳ್" ಎಂದವಳೇ ಗೇಟಿನ ಕಡೆ ಓಡಿದಳು. ಬಸ್ಸು ಬಂದಿತ್ತು.

ಮರುದಿನದಿಂದ ಹೊಸ ವರಸೆ. ಮೀನು ತರುವ ಗುಲಾಬಿ ಜಗಲಿಯಲ್ಲಿ ಬುಟ್ಟಿ ಇಳಿಸುತ್ತಲೇ ಚಿಕ್ಕಮ್ಮ ಆ ಬಸುರಿಯ ಕಥೆ ಶುರುಮಾಡುವಳು. ಯಾರ್ ಮನಿ ಎಂದಳು ಗುಲಾಬಿ. ಕೊಕ್ಕರ್ಣೆ! ಎದುರು ನಿಂತವಳಿಗೆ ಹೇಳಲು ಅಷ್ಟು ಗಟ್ಟಿ ದನಿ ಯಾಕೆ ಬೇಕು ಎಂದು ನನಗೆ ಸಿಟ್ಟು. ಹುಡುಗಿಗೆ ಕಾಲು ಬಾತಿದೆ ಎಂದ ದಿನ ಗುಲಾಬಿ ಮೀನು ತೂಗುವುದನ್ನೇ ಮರೆತು ಲೊಚಗುಟ್ಟಿದಳು. ಗಂಡನ ಪತ್ತೆಯಿಲ್ಲ ಎಂದ ದಿನ ಮಾರಿಯಮ್ಮನಿಗೆ ಹೂವಿನ ಹರಕೆ ಹೇಳಿಕೊಂಡಳು. ನಾನು ಸತ್ಯ ಹೇಳಿಬಿಡೋಣವೆಂದು ಎಷ್ಟೋ ಸಲ ಬಾಯಿ ತೆರೆದೆ, ಚಿಕ್ಕಮ್ಮನ ಕಣ್ಣು ನೋಡಿ ಮುಚ್ಚಿಕೊಂಡೆ.

ಒಂದು ಬೆಳಿಗ್ಗೆ ಗುಲಾಬಿ ಬುಟ್ಟಿ ಇಳಿಸುವ ಮೊದಲೇ ಬಾಳೆ ಎಲೆಯ ಪೊಟ್ಟಣವೊಂದನ್ನು ಚಾಚಿದಳು. ಬಾಣಂತಿಗೆ ಹಾಲು ಹೆಚ್ಚಲೆಂದು ನಮ್ಮಲ್ಲಿ ಸಾರು ಮಾಡಿಕೊಡುವ ಮೀನು. "ಇದ್ ಕೊಕ್ಕರ್ಣೆ ಹೆಣ್ಣಿಗ್. ಹೆರ್ಗಿ ಆಯ್ತಾ ಇಲ್ಯಾ?" ಎಂದು ಕೇಳಿದಳು.

ಚಿಕ್ಕಮ್ಮ ಪೊಟ್ಟಣಕ್ಕೆ ಕೈಚಾಚಿದಳು. ಇಲ್ಲದ ಬಾಣಂತಿಗೆ ಬಂದ ಮೀನನ್ನು ಹಿಡಿದು ನಿಂತಳು. ಗುಲಾಬಿಗೆ ಏನು ಹೇಳುವುದು? ಅವಳ ಹರಕೆಗೆ ಯಾರು ಜವಾಬ್ದಾರಿ?

ಹಿಂದಿನಿಂದ ದನಿ ಬಂತು.

"ಇನ್ನೂ ಆಯ್ಲಿಲ್ಲೆ ಗುಲಾಬಿ. ಕಡಿ ಹಾಳಿ ಇವ್ಳ ಚೀಲ್ದೊಳ್ಗ್ ಇತ್ತ್. ಕೊಡುಕ್ ಹೇಳ್, ಕಾಂಬ."

ಅಮ್ಮ ಬಾಗಿಲ ದಾರಂದ ಹಿಡಿದು ನಿಂತಿದ್ದಳು. ಕಂಕುಳಲ್ಲಿ ಆ ಪುಸ್ತಕ. ಯಾವಾಗ ಓದಿದಳು, ನಾನು ಅಂಗಡಿಗೆ ಹೋದ ಮೇಲೋ, ನನಗಂತೂ ಗೊತ್ತಾಗಲಿಲ್ಲ. ಹಗಲ ಬೆಳಕಿನಲ್ಲಿ ಅವಳ ಮುಖ ನೋಡಿ ಎಷ್ಟು ಕಾಲವಾಗಿತ್ತೋ.

ಚಿಕ್ಕಮ್ಮ ವಿಚಾರಣೆ ನಡೆಸಲಿಲ್ಲ. ಯಾರು ಹಿಡಿಸಿದರು ಎಂದು ಕೇಳಲಿಲ್ಲ. ಚೀಲಕ್ಕೆ ಕೈ ಹಾಕಿ ಗಡಿಬಿಡಿಯಲ್ಲಿ ಒಂದು ಕಟ್ಟು ತೆಗೆದುಕೊಟ್ಟಳು. ಅಮ್ಮ ಎರಡು ಸಾಲು ಓದಿ, "ಇದ್ ಬೇರೆ ಕತಿದ್ ಹೆಣೆ, ಸಮಾ ಕಂಡ್ ಕೊಡ್" ಎಂದು ಗದರಿದಳು. ಅಮ್ಮ ಗದರಿದಳು! ಎರಡನೆಯ ಸಲಕ್ಕೆ ಸರಿಯಾದ ಹಾಳೆಗಳು ಸಿಕ್ಕವು. ಅಮ್ಮ ಮೆಟ್ಟಿಲ ಮೇಲೆ ಕುಳಿತು, ಗುಲಾಬಿಗೆ ಕೇಳಿಸುವ ಹಾಗೆ ಓದತೊಡಗಿದಳು. ತನಗೆ ಇಷ್ಟು ದಿನ ಹೇಳಿದ್ದು ಪುಸ್ತಕದ ಸುದ್ದಿ ಎಂದು ಗುಲಾಬಿಗೆ ಗೊತ್ತಾಗಿರಬೇಕು. ಅವಳು ಬುಟ್ಟಿಗೆ ಎಲೆ ಮುಚ್ಚಿ, ಕೆನ್ನೆಗೆ ಕೈಯಿಟ್ಟು, ಅಲ್ಲೇ ಕೂತಳು.

ರಸ್ತೆಯಲ್ಲಿ ಹಾರನ್ ಕೇಳಿಸಿತು. ನಾನು ಚಿಕ್ಕಮ್ಮನ ಕಡೆ ನೋಡಿದೆ. ಅವಳು ಅಕ್ಕನ ಪಕ್ಕದಲ್ಲಿ ಕುಳಿತಿದ್ದಳು, ಮೀನಿನ ಪೊಟ್ಟಣವನ್ನು ಮಡಿಲಲ್ಲಿಟ್ಟುಕೊಂಡು, ಓದುವ ಆ ಮುಖವನ್ನೇ ನೋಡುತ್ತಾ. ಬಸ್ಸು ಹೊರಟುಹೋಯಿತು. ಅವಳು ಏಳಲಿಲ್ಲ.