ಕೊನೆಯಲ್ಲಿ ಭರ್ಜರಿ ಡ್ರಾಪ್

ಲಾಂಡ್ರಿ ರಾಯರ ಎರಡು ವರ್ಷದ ತಪಸ್ಸು ಆ ಶನಿವಾರ ಫಲಿಸಿತು. ಹೌಸ್, ಟೆಕ್ನೋ, ಟ್ರಾನ್ಸ್, ಡ್ರಮ್ ಅಂಡ್ ಬೇಸ್ ಎಂಬ ನಾಲ್ಕು ಜಾತಿಯ ಕುಣಿತದ ಸಂಗೀತವನ್ನು, ಎಲ್ಲಿ ಕೂಡಿಸಿದ್ದೆಂದು ಬ್ರಹ್ಮನಿಗೂ ತಿಳಿಯದ ಹಾಗೆ ಬೆಸೆದ ಅರವತ್ತು ನಿಮಿಷದ ಡಿಜೆ ಮಿಕ್ಸ್ ಆಲ್ಬಮ್ ಸಿದ್ಧವಾಗಿತ್ತು. (ಈ ಹುಚ್ಚು ಹತ್ತಿಸಿದ್ದು ಅಂಗಡಿಯ ದೊಡ್ಡ ವಾಷಿಂಗ್ ಮೆಷಿನ್ನು. ಅದು ಬಟ್ಟೆ ಹಿಂಡುವಾಗಿನ ಧಬಧಬಕ್ಕೆ ರಾಯರ ಕಾಲು ತಾನಾಗಿ ಕುಣಿಯುತ್ತಿತ್ತು.)

ಹೆಂಡತಿ ಹತ್ತು ನಿಮಿಷ ಕೇಳಿ ಕಿವಿಯಿಂದ ಕೈ ತೆಗೆದರು.

"ಬಿಳಿ ಬಟ್ಟೆ ಜೊತೆ ಬಣ್ಣದ್ದು ಹಾಕ್ಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳ್ತೀರಿ. ನೀವು ನೋಡಿದ್ರೆ ನಾಲ್ಕು ಥರದ ಹಾಡು ಒಟ್ಟಿಗೆ ಹಾಕಿ ತಿರುಗ್ಸಿದೀರಲ್ರೀ!"

"ಅದೇ ಕಣೇ ಕಲೆ!"

"ಕಲೇನೇ ಬಿಡಿ. ಎಷ್ಟು ಉಜ್ಜಿದ್ರೂ ಹೋಗೋ ಹಾಗೆ ಕಾಣ್ಸಲ್ಲ."

ಆಮೇಲೆ ಅಂತಿಮ ತೀರ್ಪು ಹೊರಬಿತ್ತು. "ಹಿಂದಿನ ರೂಮ್ ತುಂಬ ನಿಮ್ಮ ಡಿಜೆ ಮೆಷಿನ್ನು, ಸ್ಪೀಕರ್ರು. ಕಾಲಿಡೋಕೆ ಜಾಗ ಇಲ್ಲ. ನಾಳೆ ಮೂವತ್ತು ಜನ ಕೂತು ಇದನ್ನ ಪೂರ್ತಿ ಕೇಳಿದ್ರೆ ಇಟ್ಕೊಳ್ಳಿ. ಒಬ್ಬರು ಕಮ್ಮಿ ಆದ್ರೂ ಎಲ್ಲಾ ಗುಜರಿಗೆ!"

ರಾಯರ ಸಂಗೀತವನ್ನು ಇದುವರೆಗೆ ಪೂರ್ತಿ ಕೇಳಿದ ಏಕೈಕ ಮಹಾನುಭಾವರೆಂದರೆ ಮಾವನವರು. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಆದರೂ ರಾಯರು ಸೋಲೊಪ್ಪುವ ಆಸಾಮಿಯಲ್ಲ. ಇಸ್ತ್ರಿಯಾದ ಪ್ರತಿ ಗಂಟಿಗೂ ಒಂದು ಚೀಟಿ ಸಿಕ್ಕಿಸಿದರು: "ನಾಳೆ ನಾಲ್ಕು ಗಂಟೆಗೆ, ಮಾರ್ಕೆಟ್ ಪಕ್ಕದ ಹಾಲ್‌ನಲ್ಲಿ ಎಡೆಬಿಡದ ಸಂಗೀತ. ಪ್ರವೇಶ ಉಚಿತ. ಕೊನೆಯಲ್ಲಿ ಎಲ್ಲರಿಗೂ ಭರ್ಜರಿ ಡ್ರಾಪ್!" ಡಿಜೆಗಳ ಪರಿಭಾಷೆಯಲ್ಲಿ ಡ್ರಾಪ್ ಎಂದರೆ ತಾಳ ಏರುತ್ತ ಏರುತ್ತ ಹೋಗಿ, ಒಂದು ಕ್ಷಣ ಉಸಿರು ಬಿಗಿಹಿಡಿದು, ಧಡಾರನೆ ಬೀಳುವ ದಿವ್ಯ ಘಳಿಗೆ. ಇಷ್ಟನ್ನೆಲ್ಲ ಬರೆಯಲು ಚೀಟಿಯಲ್ಲಿ ಜಾಗವಿರಲಿಲ್ಲ.

ಭಾನುವಾರ ಮೂರೂವರೆಗೇ ಹಾಲ್ ಭರ್ತಿ. ರಾಯರು ಎರಡೆರಡು ಸಲ ಎಣಿಸಿದರು, ನಲವತ್ತೊಂದು ತಲೆ! ಹೂಕೋಸು ಇಣುಕುವ ಚೀಲದೊಂದಿಗೆ ಲೆಕ್ಕದ ಟೀಚರು, ಹೊಸ ಬಕೆಟ್ಟು ಹಿಡಿದ ನರ್ಸಮ್ಮ, ಕೋಲೂರಿಕೊಂಡು ರಿಟೈರಾದ ಪೋಸ್ಟ್‌ಮಾಸ್ತರು.

"ರಾಯರೇ, ಕೊನೇಲಿ ಡ್ರಾಪ್ ಗ್ಯಾರಂಟಿ ತಾನೆ?" ಎಂದು ಪೋಸ್ಟ್‌ಮಾಸ್ತರು ಕೇಳಿದರು.

ಈ ವಯಸ್ಸಲ್ಲಿ ಇಂಥ ರಸಿಕತೆಯೇ! ರಾಯರಿಗೆ ಕಣ್ಣು ತುಂಬಿ ಬಂತು. "ಗ್ಯಾರಂಟಿ ಸಾರ್! ಎದೆ ನಡುಗ್ಬೇಕು, ಅಂಥ ಡ್ರಾಪ್!"

"ಎದೆ ನಡುಗೋದು ಬೇಡಪ್ಪ. ನಿಧಾನಕ್ಕೆ ಹೋದ್ರೆ ಸಾಕು."

"ನಿಮ್ಮೊಬ್ಬರಿಗೆ ಅಂತ ನಿಧಾನ ಮಾಡೋಕಾಗಲ್ಲ ಸಾರ್. ಎಲ್ಲರಿಗೂ ಒಂದೇ ಸಲ!"

"ಒಂದೇ ಸಲಾನಾ? ಹಿಡಿಸ್ತೀವಾ?" ಎಂದು ನರ್ಸಮ್ಮ ಬಕೆಟ್ಟು ನೋಡಿಕೊಂಡರು.

ಆಲ್ಬಮ್ ಶುರುವಾಯಿತು. ಒಬ್ಬರೂ ಎದ್ದು ಹೋಗಲಿಲ್ಲ. ಟೆಕ್ನೋ ಬರುವಷ್ಟರಲ್ಲಿ ಟೀಚರ ಹೆಬ್ಬೆರಳು ಅಲ್ಲಾಡಿತು. ಟ್ರಾನ್ಸ್‌ಗೆ ನರ್ಸಮ್ಮ ಬಕೆಟ್ಟು ಬಾರಿಸಿದರು. ಕೊನೆಗೆ ತಾಳ ಏರಿತು, ಏರಿತು, ನಿಂತಿತು, ಧಡಾರ್! ಪೋಸ್ಟ್‌ಮಾಸ್ತರು ಕೋಲು ಬಿಸಾಕಿ ಎರಡಡಿ ಮೇಲೆ ನೆಗೆದರು. ಹಾಲ್‌ಗೆ ಹಾಲೇ ಕುಣಿಯಿತು. ರಾಯರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಸಂಗೀತ ಮುಗಿಯಿತು. ಜನ ಮಾತ್ರ ಹೊರಗೆ ಲಾಂಡ್ರಿ ವ್ಯಾನಿನ ಹಿಂದೆ ಸಾಲಾಗಿ ನಿಂತರು.

"ಎಲ್ಲಪ್ಪಾ ಡ್ರಾಪು?" ಎಂದರು ಪೋಸ್ಟ್‌ಮಾಸ್ತರು.

"ಆಯ್ತಲ್ಲ ಸಾರ್, ಈಗ ತಾನೆ!"

"ಎಲ್ಲಾಯ್ತು? ನಾವಿನ್ನೂ ಇಲ್ಲೇ ನಿಂತಿದೀವಿ!"

ಟೀಚರು ಚೀಟಿ ತೆಗೆದು ಗಟ್ಟಿಯಾಗಿ ಓದಿದರು. ರಾಯರ ತಲೆಗೆ ಆಗ ಹೊಳೆಯಿತು. ಅಯ್ಯೋ ಶಿವನೇ! ಪಕ್ಕದಲ್ಲಿ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಬರೆದು ಕೊಟ್ಬಿಟ್ಟಿದೀರಲ್ರೀ. ಗಾಡಿ ತೆಗೀರಿ ಮತ್ತೆ!"

ಏಳು ಟ್ರಿಪ್ಪು. ಮುಂದಿನ ಸೀಟಿನಲ್ಲಿ ಕೂತ ಹೆಂಡತಿ ಯಾರ ಮನೆ ಯಾವ ತಿರುವು ಎಂದು ಹೇಳುತ್ತ, ಇಳಿದವರೊಂದಿಗೆಲ್ಲ ಎರಡು ಮಾತಾಡಿ ಬಂದರು. ಕೊನೆಗೆ ಪೋಸ್ಟ್‌ಮಾಸ್ತರನ್ನು ಬಾಗಿಲಿಗೇ ಮುಟ್ಟಿಸಿ ರಾಯರು ಬೆವರೊರೆಸಿಕೊಂಡರು.

"ಏನೇ ಆಗ್ಲಿ, ನಲವತ್ತೊಂದು ಜನ ಪೂರ್ತಿ ಕೇಳಿದ್ರು. ಮೆಷಿನ್ನು ಇನ್ನು ನಂದೇ!"

"ನಿಮ್ದೇ ಕಣ್ರೀ, ಯಾರು ಬೇಡ ಅಂದ್ರು? ಮುಂದಿನ ಭಾನುವಾರಾನೂ ಬರ್ತೀವಿ ಅಂದಿದಾರೆ ಎಲ್ಲರೂ."

ರಾಯರ ಎದೆ ಮತ್ತೆ ಉಬ್ಬಿತು. "ನಾನು ಹೇಳ್ಲಿಲ್ವಾ? ಆಲ್ಬಮ್ ಅಷ್ಟು ಹಿಡಿಸ್ತು!"

"ಹಾಡು ಹಾಕೋ ತೊಂದರೆ ಬೇಡ್ವಂತೆ," ಎಂದರು ಹೆಂಡತಿ. "ಬರೀ ಡ್ರಾಪ್ ಇದ್ರೆ ಸಾಕಂತೆ."