ನಮ್ಮ ಮನೆಯ ಆರು ವೋಟಿನ ಚುನಾವಣೆ

ಒಂದು ಒಗಟು ಹೇಳುತ್ತೇನೆ, ಊಹಿಸಿ ನೋಡೋಣ. ಒಂದು ಮನೆಯಲ್ಲಿ ಚುನಾವಣೆ. ಇರುವುದು ಆರೇ ವೋಟು. ಅದರಲ್ಲಿ ಒಬ್ಬ ಕ್ಯಾಂಡಿಡೇಟು ತನ್ನದೂ ಸೇರಿ ನಾಲ್ಕು ವೋಟನ್ನು ಮೊದಲೇ ಬಾಯಿಮಾತಿನಲ್ಲಿ ಗಟ್ಟಿ ಮಾಡಿಕೊಂಡಿದ್ದಾನೆ. ಕೊನೆಗೆ ಅವನಿಗೆ ಬಿದ್ದ ವೋಟು ಎಷ್ಟು? ನಾಲ್ಕು ಅಂದಿರಾ? ಮೂರು? ಅವಸರ ಬೇಡ, ನಿಧಾನವಾಗಿ ಯೋಚಿಸಿ. ನಾನಂತೂ ಹೇಳದೆ ಬಿಡುವವನಲ್ಲ.

ಇಂಥದ್ದೆಲ್ಲ ನಮ್ಮ ಮನೆಯಲ್ಲಿ ಮಾತ್ರ ಆಗುವುದು ಅಂತ ನನ್ನ ಹೆಂಡತಿ ಹೇಳುತ್ತಾಳೆ. ಎಲ್ಲರ ಮನೆಯಲ್ಲೂ ಆಗುತ್ತದೆ ಅಂತ ನನ್ನ ವಾದ. ಬೇರೆಯವರು ಬಾಯಿ ಬಿಡುವುದಿಲ್ಲ, ನನಗೆ ಬಾಯಿ ಮುಚ್ಚಲು ಬರುವುದಿಲ್ಲ. ಅಷ್ಟೇ ವ್ಯತ್ಯಾಸ.

ಟೀವಿಯಲ್ಲಿ ಇಬ್ಬರು, ಸೋಫಾದಲ್ಲಿ ಇಬ್ಬರು

ನಾನು ಅಮೆರಿಕದ ಜರ್ಮನ್‌ಟೌನಿನ ಹತ್ತಿರದ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ ದುಡಿದು, ಆಗಷ್ಟೇ ರಿಟೈರ್ ಆಗಿದ್ದೆ. ಮನೆಯಲ್ಲಿ ನಾನು, ಹೆಂಡತಿ, ಮತ್ತು ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು. ಹೈಸ್ಕೂಲಿನ ಕೊನೆಯ ವರ್ಷ. ಎರಡು ಮನೆಯಾಚೆ ಒಬ್ಬ ಸಾಹೇಬರು, ಮೈಸೂರಿನವರೇ, ಫಾರ್ಮಸಿಸ್ಟ್. ಅವರ ಇಬ್ಬರು ಗಂಡುಮಕ್ಕಳೂ ಕಾಲೇಜಿನಲ್ಲಿದ್ದರು. ಅವರ ಮನೆ ಬಿರಿಯಾನಿಗೆ ನಮ್ಮ ಮೂಗು, ನಮ್ಮ ಮನೆ ಬಿಸಿಬೇಳೆಬಾತಿಗೆ ಅವರ ಮೂಗು, ಹದಿನೈದು ವರ್ಷದಿಂದ ಕಾವಲು ಕಾಯುತ್ತಿದ್ದವು.

ಆ ವರ್ಷ ಅಧ್ಯಕ್ಷರ ಚುನಾವಣೆ. ಅಕ್ಟೋಬರಿನ ಒಂದು ಭಾನುವಾರ ಟೀವಿಯಲ್ಲಿ ಡಿಬೇಟು. ಸಾಹೇಬರು ಮನೆಯವರನ್ನೂ ಕರೆದುಕೊಂಡು ನಮ್ಮಲ್ಲಿಗೇ ಬಂದರು. ಮಕ್ಕಳ ಕಾಲೇಜು ಫೀಸಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತೇನೆ ಅನ್ನುವವರು ಸಾಹೇಬರ ಕ್ಯಾಂಡಿಡೇಟು. ಎಲ್ಲರಿಗೂ ತೆರಿಗೆಯನ್ನೇ ಇಳಿಸುತ್ತೇನೆ ಅನ್ನುವವರು ನನ್ನ ಕ್ಯಾಂಡಿಡೇಟು.

ಮೊದಲ ಪ್ರಶ್ನೆ ಮುಗಿಯುವ ಮೊದಲೇ ನಮ್ಮದು ಶುರುವಾಯಿತು.

"ರಾಯರೇ, ಇಬ್ಬರು ಮಕ್ಕಳ ಫೀಸು ಕಟ್ಟಿ ನೋಡಿ, ಆಮೇಲೆ ಮಾತಾಡಿ!"

"ತೆರಿಗೆ ಇಳಿದರೆ ಆ ದುಡ್ಡಲ್ಲೇ ಫೀಸು ಕಟ್ಟಬಹುದಲ್ಲ ಸಾಹೇಬ್ರೇ!"

"ಇಳಿದರೆ! ಅದೇ ಹೇಳಿದ್ದು ನಾನೂ, ಇಳಿದರೆ!"

ಎರಡು ಬಟ್ಟಲು ಚಕ್ಕುಲಿ ಖಾಲಿಯಾಯಿತು. ಟೀವಿಯಲ್ಲಿ ಇಬ್ಬರೂ ಕೈ ಕುಲುಕುತ್ತಿದ್ದರು. ಆಗ ನಮಗೆ ಹೊಳೆಯಿತು, ಡಿಬೇಟಿನಲ್ಲಿ ಯಾರು ಏನು ಹೇಳಿದರೋ ನಾವಿಬ್ಬರೂ ಒಂದಕ್ಷರ ಕೇಳಿಲ್ಲ. ಆದರೂ ನನ್ನವರು ಗೆದ್ದರು ಅಂತ ನಾನು, ತಮ್ಮವರು ಗೆದ್ದರು ಅಂತ ಅವರು.

ನನ್ನ ಹೆಂಡತಿ ಬಟ್ಟಲು ಎತ್ತಿಕೊಳ್ಳುತ್ತಾ ಅಂದಳು, "ನಾನು ಪೂರ್ತಿ ಕೇಳಿದೆ. ಆ ಇಬ್ಬರಿಗೆ ಇಡೀ ದೇಶವೇ ಬೇಕು. ಆದರೂ ಒಬ್ಬರು ಮಾತು ಮುಗಿಸೋವರೆಗೆ ಇನ್ನೊಬ್ಬರು ಬಾಯಿ ಮುಚ್ಚಿಕೊಂಡಿದ್ದರು. ನಿಮ್ಮಿಬ್ಬರಿಗೆ ಬೇಕಿರೋದು ಒಂದು ಚಕ್ಕುಲಿ!"

ಷಾರ್ಲೆಟ್‌ನ ಮತದಾರ

ಮರುದಿನ ಷಾರ್ಲೆಟ್‌ನಿಂದ ನನ್ನ ಹೆಂಡತಿಯ ತಮ್ಮನ ಫೋನು. ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ, ಅಲ್ಲಿಗೆ ಬಂದು ನಾಲ್ಕು ವರ್ಷ.

"ಭಾವ, ಡಿಬೇಟ್ ನೋಡಿದ್ರಾ? ನಂಗೆ ಯಾರದ್ದು ಸರಿ ಅಂತಾನೇ ಗೊತ್ತಾಗ್ತಿಲ್ಲ."

ನನಗೆ ಇಷ್ಟು ಸಾಕಾಗಿತ್ತು. ಇಂಥ ಮತದಾರ ಸಿಗುವುದೇ ಪುಣ್ಯ. ಕುರ್ಚಿ ಎಳೆದುಕೊಂಡು ಕೂತೆ. ತೆರಿಗೆ ಅಂದರೇನು, ಸಾಲ ಅಂದರೇನು, ಕಾಲೇಜುಗಳು ಯಾಕೆ ವರ್ಷವರ್ಷ ಫೀಸು ಏರಿಸುತ್ತವೆ, ನನ್ನ ಕ್ಯಾಂಡಿಡೇಟಿನ ಯೋಜನೆಯಲ್ಲಿ ಅವನ ಮಗುವಿಗೆ ಏನು ಲಾಭ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಆ ಮಗುವಿಗೆ ಆಗ ಒಂದೂವರೆ ವರ್ಷ. ನಲವತ್ತು ನಿಮಿಷ ಆಯಿತು. ಅವನು ಹೂಂ, ಹೂಂ ಅನ್ನುತ್ತಲೇ ಇದ್ದ.

"ಈಗ ಹೇಳು, ಯಾರಿಗೆ ಹಾಕ್ತೀಯಾ?"

"ಭಾವ, ನಂದು ಇನ್ನೂ ವರ್ಕ್ ವೀಸಾ. ನಂಗೆಲ್ಲಿ ವೋಟು?"

"ಅಯ್ಯೋ ಮಹಾರಾಯ, ಇದನ್ನ ಮೊದಲೇ ಹೇಳಬಾರದಾಗಿತ್ತಾ?"

"ಹೇಳಬೇಕು ಅಂತ ಮೂರು ಸಲ ಉಸಿರು ಎಳಕೊಂಡೆ ಭಾವ. ನೀವು ಒಂದು ಸಲಾನೂ ಎಳಕೊಳ್ಳಲಿಲ್ಲ."

ಇರುವೆ

ಇಷ್ಟು ದಿನ ಬೇರೆಯವರ ಮಕ್ಕಳ ಫೀಸಿನ ಮೇಲೆ ಭಾಷಣ ಬಿಗಿಯುತ್ತಿದ್ದವನ ಮುಂದೆ ಮಗಳು ಒಂದು ಸಂಜೆ ಒಂದು ಕಾಗದ ತಂದಿಟ್ಟಳು. ಅಟ್ಲಾಂಟಾದ ಒಂದು ಖಾಸಗಿ ಕಾಲೇಜಿನ ಅರ್ಜಿ. ಅದೂ ಮಾಮೂಲಿ ಅರ್ಜಿಯಲ್ಲ, ಮೊದಲೇ ಮಾತು ಕೊಟ್ಟು ಹಾಕುವಂಥದ್ದು. ಅವರು ಸೀಟು ಕೊಟ್ಟರೆ ಬೇರೆಲ್ಲ ಬಿಟ್ಟು ಅಲ್ಲಿಗೇ ಸೇರಬೇಕು. ಹಾಗಂತ ಅಪ್ಪನೂ ಸಹಿ ಹಾಕಬೇಕು. ನವೆಂಬರ್ ಮಧ್ಯದೊಳಗೆ ಅಂಚೆಗೆ ಬೀಳಬೇಕು.

ನಮ್ಮ ರಾಜ್ಯದ ಯೂನಿವರ್ಸಿಟಿ ಮನೆಯಿಂದ ನಲವತ್ತು ನಿಮಿಷ. ಇದು ಕಾರಿನಲ್ಲಿ ಒಂದು ಇಡೀ ಹಗಲು. ಫೀಸು ಎಷ್ಟು ಪಟ್ಟು ಹೆಚ್ಚು ಅಂತ ಹೇಳಿದರೆ ಈಗಲೂ ನನಗೆ ನೀರು ಬೇಕಾಗುತ್ತದೆ.

"ಅಲ್ಲೇನಮ್ಮಾ ಅಂಥದ್ದು?"

"ಅಲ್ಲಿ ಒಬ್ರು ಪ್ರೊಫೆಸರ್ ಇದ್ದಾರೆ ಅಪ್ಪ. ಶೀ ಸ್ಟಡೀಸ್ ಆಂಟ್ಸ್. ಮೊದಲ್ನೇ ವರ್ಷಾನೇ ಲ್ಯಾಬಲ್ಲಿ ಕೆಲಸ ಕೊಡ್ತಾರೆ. ನಾನು ಲೆಟರ್ ಬರ್ದಿದ್ದೆ, ಅವ್ರು ರಿಪ್ಲೈ ಮಾಡಿದ್ರು. ಎರಡು ಪೇಜ್!"

"ಇರುವೆ ನೋಡೋಕೆ ಅಟ್ಲಾಂಟಾಗೆ ಯಾಕೆ? ನಮ್ಮ ಅಡುಗೆಮನೆ ಸಿಂಕಿನ ಕೆಳಗೇ ಬೇಕಾದಷ್ಟಿವೆ. ಫೀಸೂ ಇಲ್ಲ."

ಅವಳು ನಗಲಿಲ್ಲ. ನನಗೂ ನನ್ನ ಜೋಕು ಅಷ್ಟು ಹಿಡಿಸಲಿಲ್ಲ. ಆಮೇಲೆ ಅವಳೇ ಅಂದಳು, "ಟೀವೀಲಿ ಮಾಡಿದ್ರಲ್ಲ, ಹಾಗೆ ನಾವೂ ಡಿಬೇಟ್ ಮಾಡೋಣ. ವೋಟ್ ಹಾಕ್ಲಿ. ನೀವು ಗೆದ್ರೆ ಇಲ್ಲೇ ಓದ್ತೀನಿ, ನೋ ಕಂಪ್ಲೇಂಟ್ಸ್. ನಾನು ಗೆದ್ರೆ ನೀವು ಸೈನ್ ಮಾಡ್ಬೇಕು."

ಮತದಾರರು ಯಾರು? ನಾವು ಮೂವರು, ಸಾಹೇಬರು, ಅವರ ಹೆಂಡತಿ, ಮತ್ತು ಷಾರ್ಲೆಟ್‌ನ ಭಾವಮೈದುನ. ಅವನದು ಲಕೋಟೆಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸುವ ವೋಟು. ಮನಸ್ಸಿನಲ್ಲೇ ಎಣಿಸಿದೆ. ಎಲ್ಲ ನನ್ನ ಕಡೆಯವರೇ! ತಕ್ಷಣ ಒಪ್ಪಿಕೊಂಡೆ. ಸೋಲುವ ಕ್ಯಾಂಡಿಡೇಟುಗಳೆಲ್ಲ ಮೊದಲು ಹೀಗೆಯೇ ಎಣಿಸುತ್ತಾರೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಗರಾಜು

ಪ್ರಚಾರ ಶುರು ಮಾಡಿದೆ. ಸಾಹೇಬರು, "ನನ್ನ ವೋಟು ನಿಮಗೇ ರಾಯರೇ, ಫೀಸಿನ ಕಷ್ಟ ನನಗೆ ಗೊತ್ತಿಲ್ವಾ?" ಅಂದರು. ಅವರ ಮನೆಯವರು, "ಅಣ್ಣಾ, ನೀವು ಕೇಳಬೇಕಾ?" ಅಂದರು. ಭಾವಮೈದುನ, "ಅಮೆರಿಕದಲ್ಲಿ ನನ್ನ ಮೊದಲನೇ ವೋಟು ನಿಮಗೇ ಭಾವ" ಅಂದ. ಉಳಿದವಳು ನನ್ನ ಹೆಂಡತಿ.

"ನಾನಿನ್ನೂ ಯೋಚನೆ ಮಾಡ್ತಾ ಇದೀನಿ," ಅಂದಳು. "ಆ ಗರಾಜಿನ ಸ್ಥಿತಿ ನೋಡಿದರೆ ಯೋಚನೇನೇ ಬರಲ್ಲ."

ಆರು ವರ್ಷದಿಂದ ಕಾರು ಕಾಣದ ಗರಾಜು ಅದು. ಒಂದು ಇಡೀ ಶನಿವಾರ ಅದರೊಳಗಿದ್ದೆ. ಹಳೇ ಪತ್ರಿಕೆ, ಮುರಿದ ಕುರ್ಚಿ, ಮಗಳ ಮೂರು ಗಾಲಿ ಸೈಕಲ್ಲು, ಎಲ್ಲ ಹೊರಗೆ ಹಾಕಿ ನೆಲ ತೊಳೆದೆ. ಸಂಜೆ ಅವಳನ್ನು ಕರೆದು ತೋರಿಸಿದೆ. ಮೂಲೆಮೂಲೆ ನೋಡಿದಳು. ಮುಖದಲ್ಲಿ ತೃಪ್ತಿ.

"ಈಗೇನಂತೀಯ?"

"ಈಗ ಸ್ವಲ್ಪ ನಿಮ್ಮ ಕಡೆ ವಾಲಿದೀನಿ," ಅಂದಳು. "ಬೇಸ್‌ಮೆಂಟೂ ಆದರೆ ಇನ್ನೂ ಸ್ವಲ್ಪ ವಾಲಬಹುದು."

ಸಾಲಿನಲ್ಲಿ ಬಿರಿಯಾನಿ

ದೇಶದ ಚುನಾವಣೆಯ ದಿನವೇ ನಮ್ಮದೂ ಅಂತ ಗೊತ್ತು ಮಾಡಿದ್ದೆವು. ನಮ್ಮಲ್ಲಿ ಶಾಲೆಗಳೇ ಮತಗಟ್ಟೆ, ಹಾಗಾಗಿ ಅವತ್ತು ಮಕ್ಕಳಿಗೆ ರಜೆ. ಬೆಳಿಗ್ಗೆ ಅಲ್ಲಿ ವೋಟು, ಮಧ್ಯಾಹ್ನ ಇಲ್ಲಿ ವೋಟು, ನಡುವೆ ಊಟ.

ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ಉದ್ದ ಸಾಲು. ಸಾಹೇಬರು ನನ್ನ ಹಿಂದೆ. ಕೊನೇ ಗಳಿಗೆಯಲ್ಲಾದರೂ ನನ್ನ ಮನಸ್ಸು ತಿರುಗಿಸಬೇಕು ಅಂತ ಅವರು, ಅವರದ್ದನ್ನು ತಿರುಗಿಸಬೇಕು ಅಂತ ನಾನು. ಮತಗಟ್ಟೆಯ ಹತ್ತಿರ ಪ್ರಚಾರ ಮಾಡಬಾರದು ಅಂತ ದೊಡ್ಡ ಬೋರ್ಡಿತ್ತು. ಆದರೆ ಅದು ಇಂಗ್ಲಿಷಿನಲ್ಲಿತ್ತು, ನಾವು ಕನ್ನಡದಲ್ಲಿ ಜಗಳವಾಡುತ್ತಿದ್ದೆವು. ಯಾರಿಗೆ ಗೊತ್ತಾಗಬೇಕು!

ಬ್ಯಾಡ್ಜು ಹಾಕಿಕೊಂಡಿದ್ದ ಒಬ್ಬ ವಯಸ್ಸಾದ ಹೆಂಗಸು ಹತ್ತಿರ ಬಂದು, ತುಂಬ ಮರ್ಯಾದೆಯಿಂದ ಕೇಳಿದರು, "ನೀವು ಚುನಾವಣೆ ವಿಷಯ ಮಾತಾಡುತ್ತಿದ್ದೀರಾ?"

"ಇಲ್ಲ ಮ್ಯಾಮ್," ಅಂದರು ಸಾಹೇಬರು ಕಣ್ಣು ಮಿಟುಕಿಸದೆ. "ಮಧ್ಯಾಹ್ನದ ಬಿರಿಯಾನಿ ವಿಷಯ."

"ಹಾಗೋ?" ಅಂದರು ಆಕೆ ನಗುತ್ತಾ. "ನಿಮ್ಮ ಬಿರಿಯಾನಿಗೆ ಇಬ್ಬರು ಕ್ಯಾಂಡಿಡೇಟುಗಳನ್ನೂ ಕರೆದಿದ್ದೀರಿ ಅಂತ ಕಾಣುತ್ತೆ. ಒಬ್ಬೊಬ್ಬರ ಹೆಸರೂ ಏಳೆಂಟು ಸಲ ಕೇಳಿಸಿತು."

ಎಣಿಕೆ

ಊಟವಾದ ಮೇಲೆ ಸಾಹೇಬರು ಮಧ್ಯಸ್ಥರಾಗಿ ಕೂತರು. ಒಬ್ಬೊಬ್ಬರಿಗೆ ಎರಡು ನಿಮಿಷ. ಗಡಿಯಾರದ ಬದಲು ಮೈಕ್ರೋವೇವ್. ಒಳಗೆ ಒಂದು ಲೋಟ ನೀರು, ಟಿಣ್ ಅಂದರೆ ಮಾತು ನಿಲ್ಲಿಸಬೇಕು.

ಮೊದಲು ನಾನು. ಟಿಣ್ ಅಂದಾಗ ನಾನಿನ್ನೂ ಪೀಠಿಕೆಯಲ್ಲಿದ್ದೆ. ಮನವಿ ಮಾಡಿಕೊಂಡು ಇನ್ನೆರಡು ನಿಮಿಷ ಗಿಟ್ಟಿಸಿದೆ. ಮತ್ತೆ ಟಿಣ್. ಮೂರನೇ ಸಲಕ್ಕೆ ನೀರು ಕುದಿದು ಉಕ್ಕಿತು. ಹೆಂಡತಿ ಆ ನೀರಿಗೆ ಟೀ ಸೊಪ್ಪು ಹಾಕಿದಳು.

ಆಮೇಲೆ ಮಗಳು ನಿಂತಳು. ಕೈಯಲ್ಲಿ ಚೀಟಿಯಿಲ್ಲ. ನಮ್ಮ ಹತ್ತಿರ ಅರ್ಧಕ್ಕರ್ಧ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಅವತ್ತು ಆದಷ್ಟೂ ಕನ್ನಡದಲ್ಲೇ ಮಾತಾಡಿದಳು.

"ಅಟ್ಲಾಂಟಾ ತುಂಬಾ ಎಕ್ಸ್‌ಪೆನ್ಸಿವ್. ನಂಗೊತ್ತು. ಅಪ್ಪ ಟ್ವೆಂಟಿ ಸಿಕ್ಸ್ ಇಯರ್ಸ್ ಕೆಲಸ ಮಾಡಿದ್ದಾರೆ, ಈಗ ರೆಸ್ಟ್ ಬೇಕು. ಅದೂ ಗೊತ್ತು. ನಾನು ಸಮ್ಮರ್‌ನಲ್ಲಿ ಕೆಲಸ ಮಾಡ್ತೀನಿ, ಸ್ಕಾಲರ್‌ಶಿಪ್ ಅಪ್ಲೈ ಮಾಡ್ತೀನಿ. ಇರುವೆ ತುಂಬಾ ಚಿಕ್ಕದು. ಆದ್ರೆ ಅದು ಅದಕ್ಕಿಂತ ದೊಡ್ಡದು ಎತ್ತುತ್ತೆ. ನಾನೂ ಸ್ವಲ್ಪ ಎತ್ತುತ್ತೀನಿ ಅಪ್ಪ. ಥ್ಯಾಂಕ್ಯೂ."

ಮೈಕ್ರೋವೇವ್ ಇನ್ನೂ ತಿರುಗುತ್ತಲೇ ಇತ್ತು. ಅರ್ಧ ಸಮಯ ಬಾಕಿ.

ಚೀಟಿ ಹಂಚಿದರು. ನಾನು ಪೆನ್ನು ಹಿಡಿದು ಕೂತೆ. ನನಗೆ ಹೇಗೂ ಮೂರು ವೋಟು ಇದ್ದೇ ಇದೆ, ಗರಾಜಿನ ಪುಣ್ಯದಿಂದ ನಾಲ್ಕೂ ಆಗಬಹುದು. ಪಾಪ, ಮಗುವಿಗೆ ತನ್ನದು ಒಂದೇ ಬಿದ್ದರೆ ಎಷ್ಟು ನೋವಾಗುತ್ತದೆ! ಯಾರಿಗೂ ಕಾಣದ ಹಾಗೆ ಕೈ ಅಡ್ಡ ಇಟ್ಟು ಮಗಳ ಹೆಸರು ಬರೆದು, ಮಡಚಿ, ಸ್ಟೀಲ್ ಡಬ್ಬಿಗೆ ಹಾಕಿದೆ.

ಸಾಹೇಬರು ಎಣಿಸಿದರು. ಮೊದಲು ಷಾರ್ಲೆಟ್‌ನ ಲಕೋಟೆ ಹರಿದರು: ಮಗಳು. ಎರಡನೇ ಚೀಟಿ: ಮಗಳು. ಮೂರು: ಮಗಳು. ನಾಲ್ಕು: ಮಗಳು. ಐದನೆಯದು: ಅಪ್ಪ. ಆರು: ಮಗಳು.

ಐದಕ್ಕೆ ಒಂದು!

"ಏನ್ರೀ ಸಾಹೇಬ್ರೇ ಇದು? ಮಾತು ಕೊಟ್ಟಿದ್ರಲ್ಲ!"

"ಅಯ್ಯೋ ರಾಯರೇ, ನೀವು ಹೇಗೂ ಗೆಲ್ತೀರಿ, ಮಗೂಗೆ ಒಂದಾದರೂ ಇರಲಿ ಅಂತ..." ಅವರ ಮನೆಯವರು ಬಾಯಿಗೆ ಸೆರಗು ಒತ್ತಿಕೊಂಡರು, "ನಾನೂ ಅದೇ ಅಂದ್ಕೊಂಡೆ ಅಣ್ಣಾ." ಷಾರ್ಲೆಟ್‌ಗೆ ಫೋನು ಮಾಡಿದರೆ ಅಲ್ಲೂ ಅದೇ ರಾಗ, "ನೀವು ಗೆದ್ದೇ ಗೆಲ್ತೀರಿ ಅಂತ ಭಾವ..." ಹೆಂಡತಿ ಮಾತ್ರ ನೆಪ ಹೇಳಲಿಲ್ಲ. "ನಾನು ಅವಳು ಆ ಅರ್ಜಿ ತಂದ ದಿನಾನೇ ತೀರ್ಮಾನ ಮಾಡಿದ್ದೆ," ಅಂದಳು. "ಗರಾಜು ಬೇರೆ ವಿಷಯ." ಆಮೇಲೆ ಎಲ್ಲರ ಮುಂದೆ ಸೇರಿಸಿದಳು, "ಸದ್ಯ, ನಿಮ್ಮ ವೋಟು ನೀವಾದರೂ ಹಾಕಿಕೊಂಡಿರಲ್ಲ, ಇಲ್ಲದಿದ್ದರೆ ಸೊನ್ನೆ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ನನಗೆ ಗೊತ್ತಿತ್ತು, ಆ ವೋಟು ನನ್ನದಲ್ಲ. ಡಬ್ಬಿಯ ಪಕ್ಕದಲ್ಲಿದ್ದ ಐದನೇ ಚೀಟಿ ತೆಗೆದು ನೋಡಿದೆ. 'ಅಪ್ಪ' ಅಂತ, ದೊಡ್ಡ ದೊಡ್ಡ ಸೊಟ್ಟ ಅಕ್ಷರ. ಹಾಗೆ ಬರೆಯುವವರು ಆ ಮನೆಯಲ್ಲಿ ಒಬ್ಬರೇ.

ಮಗಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದೆ, "ಯಾಕಮ್ಮಾ ನಂಗೆ ಹಾಕಿದೆ? ಸೋತಿದ್ದರೆ ಏನು ಮಾಡ್ತಿದ್ದೆ?"

"ಸೋಲ್ತಾ ಇರ್ಲಿಲ್ಲ ಅಪ್ಪ. ನೀವು ಎಲ್ಲರ ಹತ್ರಾನೂ ಒಂದೊಂದು ಗಂಟೆ ಮಾತಾಡಿದ್ರಲ್ಲ, ಆಗ್ಲೇ ಗೊತ್ತಾಯ್ತು. ನೋಬಡಿ ವಾಸ್ ಗೋಯಿಂಗ್ ಟು ವೋಟ್ ಫಾರ್ ಯೂ. ಐ ಫೆಲ್ಟ್ ಬ್ಯಾಡ್."

ಪೆನ್ನು ಕೈಯಲ್ಲೇ ಇತ್ತು. ಸಹಿ ಹಾಕಿದೆ. ಸಂಜೆ ಟೀವಿ ಹಾಕಿದರೆ ಅಲ್ಲೂ ನನ್ನ ಕ್ಯಾಂಡಿಡೇಟು ಸೋಲುತ್ತಿದ್ದರು. ಅವರಾದರೂ ತಮ್ಮ ವೋಟು ತಮಗೆ ಹಾಕಿಕೊಂಡಿರಬೇಕು. ಒಂದೇ ದಿನ ಎರಡು ಚುನಾವಣೆ ಸೋತು, ಒಂದರಲ್ಲಿ ಸ್ವಂತ ವೋಟನ್ನೂ ಎದುರಾಳಿಗೇ ಹಾಕಿ, ಅವತ್ತಿನಷ್ಟು ಖುಷಿಯಾಗಿ ನಾನು ಎಂದೂ ಮಲಗಿದ್ದಿಲ್ಲ. ಸಾವಿರದ ಒಂಬೈನೂರ ತೊಂಬತ್ತಾರನೇ ಇಸವಿ, ನವೆಂಬರ್ ಐದು, ಮಂಗಳವಾರ.