ಮಾವನ ಮನೆಯ ಮೂಕ ಲಿನಕ್ಸ್

ಸಾಗರದಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ‘ಕಂಪ್ಯೂಟರಿನ ಹಳೇ ಸಾಫ್ಟ್‌ವೇರ್ ತೆಗೆದು ಲಿನಕ್ಸ್ ಹಾಕಿಸ್ಕೊಳ್ಳಿ, ವೈರಸ್ ಕಾಟವೇ ಇರಲ್ಲ’ ಅಂತ ಕಂಡವರಿಗೆಲ್ಲ ಬೋಧಿಸುವ ಚಟ ನನಗೆ. ವೈರಸ್ ಬರಲಿಲ್ಲ, ನಿಜ. ಕೆಲವರಿಗೆ ಸೌಂಡೂ ಬರಲಿಲ್ಲ. ಹೀಗೆ ಊರೂರಲ್ಲಿ ಮರ್ಯಾದೆ ಕಳ್ಕೊಳ್ಳೋದು ಈಗ ರೂಢಿಯಾಗಿದೆ.

೧. ಸಾಗರ

ಗಿರಾಕಿಯೊಬ್ಬರ ಕಂಪ್ಯೂಟರಲ್ಲಿ ಸೌಂಡೇ ಇಲ್ಲ. ಸೌಂಡಿನ ಡ್ರೈವರ್ ಸಾಫ್ಟ್‌ವೇರ್ ಬದಲಿಸಿದೆ. ಕಡೆಗೆ ಇಡೀ ಲಿನಕ್ಸನ್ನೇ ಹೊಸದಾಗಿ ಹಾಕಿದೆ. ಅರ್ಧ ದಿನ ಹೋಯ್ತು. ಪಕ್ಕದಂಗಡಿ ಟೈಲರ್ ಕೊರಳಲ್ಲಿ ಟೇಪ್ ಹಾಕಿಕೊಂಡೇ ಬಂದು ಸ್ಪೀಕರಿನ ಗುಂಡಿ ತಿರುಗಿಸಿದ. ಹಾಡು ಬಂತು! ‘ಪೂರ್ತಿ ಸಣ್ಣಕ್ಕಿಟ್ಟಿದ್ರಲ್ಲ ಮಾರಾಯ್ರೆ’ ಅಂದ.

ಆ ಗಿರಾಕಿ ಈಗ ಕಂಪ್ಯೂಟರ್ ಕೆಟ್ಟರೆ ಟೈಲರ್ ಹತ್ರ ಹೋಗ್ತಾರೆ.

೨. ಹೊಸನಗರ

ರಿಟೈರ್ಡ್ ಮೇಷ್ಟ್ರ ಮನೆ. ಸೌಂಡೆಲ್ಲ ಸ್ಪೀಕರ್ ಬಿಟ್ಟು ಮಾನಿಟರಿಗೆ ಹೋಗ್ತಿತ್ತು. ಆ ಮಾನಿಟರಿಗೆ ಸ್ಪೀಕರೇ ಇಲ್ಲ. ಇಷ್ಟು ಪತ್ತೆಹಚ್ಚಲು ಎರಡು ಗಂಟೆ. ‘ಯಾರೋ ದಡ್ಡರು ಸೆಟ್ಟಿಂಗ್ ಬದಲಿಸಿದಾರೆ ಸಾರ್’ ಅಂದೆ ಜಂಬದಿಂದ.

‘ಹೋದ ತಿಂಗಳು ಬಂದಾಗ ನೀನೇ ಬದಲಿಸಿದ್ದಲ್ವೇನೋ’ ಅಂದರು ಮೇಷ್ಟ್ರು.

೩. ತೀರ್ಥಹಳ್ಳಿ

ಇನ್ನು ಮರ್ಯಾದೆ ಉಳಿದಿದ್ದು ಹೆಂಡತಿಯ ತವರಲ್ಲಿ ಮಾತ್ರ. ಮಾವ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ತಮ್ಮ ಹೊಸ ರೆಕಾರ್ಡಿಂಗ್ ಕೇಳಿಸಲು ನೆಂಟರನ್ನೆಲ್ಲ ಸಂಜೆ ಕಾಫಿಗೆ ಕರೆದಿದ್ದರು. ನಾನೇ ಲಿನಕ್ಸ್ ಹಾಕಿಕೊಟ್ಟ ಕಂಪ್ಯೂಟರ್ ಅವತ್ತೇ ಮೂಕವಾಗಬೇಕಾ! ನಾನು ಸಾಗರದಿಂದ ಓಡಿದೆ.

ಗುಂಡಿ ನೋಡಿದೆ, ಸೆಟ್ಟಿಂಗ್ ನೋಡಿದೆ. ಬುದ್ಧಿ ಬಂದಿತ್ತಲ್ಲ! ಆದರೂ ಸೌಂಡಿಲ್ಲ. ಮೈಕಾದ್ರೂ ಸರಿ ಇದೆಯಾ ನೋಡೋಣ ಅಂತ ರೆಕಾರ್ಡಿಂಗ್ ಒತ್ತಿದೆ. ಅಷ್ಟರಲ್ಲಿ ಹೆಂಡತಿಯ ಫೋನು.

‘ಸರಿಯಾಯ್ತಾ?’

‘ಎಂತ ಸರಿಯಾಗೋದು! ನಿನ್ನ ಅಪ್ಪ ಕಂಡಿದ್ದೆಲ್ಲ ಒತ್ತಿ ಕುಲಗೆಡಿಸಿಟ್ಟಿದಾರೆ. ಸ್ವರ ಬರದೇ ಇರೋದು ನೆಂಟರ ಪುಣ್ಯ ಬಿಡು!’

ಫೋನಿಟ್ಟು, ಆಗಿದ್ದ ರೆಕಾರ್ಡಿಂಗನ್ನೇ ಮತ್ತೆ ಮತ್ತೆ ಹಾಕಿ ನೋಡಿದೆ. ಊಹೂಂ. ವಾಲ್ಯೂಮ್ ಪೂರ್ತಿ ಏರಿಸಿದೆ. ಊಹೂಂ. ನೆಂಟರು ಬಂದು ಸಾಲಾಗಿ ಕೂತರು. ನಾನು ಅದನ್ನೇ ಇನ್ನೊಮ್ಮೆ ಹಾಕಿದೆ.

ಕಾಫಿ ತಂದ ಅತ್ತೆ ಬಗ್ಗಿ ನೋಡಿ, ‘ಅಯ್ಯೋ, ನಿನ್ನೆ ಗುಡುಗು ಬಂತಲ್ಲ, ಎಲ್ಲಾ ವೈರ್ ಕಿತ್ತಿದ್ದೆ. ಇದೊಂದು ಹಾಕಕ್ಕೆ ಮರ್ತೇಬಿಟ್ಟೆ’ ಅಂತ ಸ್ಪೀಕರಿನ ಪಿನ್ನು ಚುಚ್ಚಿದರು.

ಮನೆಯ ಮಾಡು ಹಾರಿಹೋಗುವಂತೆ ನನ್ನದೇ ದನಿ: ‘...ಸ್ವರ ಬರದೇ ಇರೋದು ನೆಂಟರ ಪುಣ್ಯ ಬಿಡು!’

ಯಾರೂ ಕಾಫಿ ಲೋಟ ಎತ್ತಲಿಲ್ಲ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಮಾವ ನಿಧಾನಕ್ಕೆ ಕೆಮ್ಮಿದರು.

‘ಅಳಿಯಂದ್ರೇ, ಸ್ವರ ಬಂತು. ಇನ್ನು ನನ್ನದು ಹಾಕಿ. ನೆಂಟರ ಪುಣ್ಯ ಹೇಗೂ ಮುಗೀತು.’